ಎರೆಮಣ್ಣಿಗೆ ಎರಡು ಬೀಗ

ಆಫ್ರಿಕಕ್ಕೆ ಹೋಗಿ ಬಂದವನು ಎಂದು ಗೊತ್ತಾದ ಕೂಡಲೇ ಬಳ್ಳಾರಿಯಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಸಿಂಹ ನೋಡಿದಿರಾ ಎಂಬುದು. ನೋಡಲಿಲ್ಲ. ಒಂದು ಸಲ ರೈಲಿನ ಕಿಟಕಿಯಿಂದ ದೂರದಲ್ಲಿ ಮಲಗಿದ್ದ ಏನನ್ನೋ ಪಕ್ಕದ ಗುಜರಾತಿ ಸಿಂಹವೆಂದು ತೋರಿಸಿದ. ನನಗೆ ಅದು ಬಂಡೆಗಲ್ಲಿನಂತೆ ಕಂಡಿತು. ನಾನು ಅಲ್ಲಿ ಕಣ್ತುಂಬ ನೋಡಿದ್ದು ಕೆಸರು. ಕೆಸರು ನೋಡಲು ಸಮುದ್ರ ದಾಟಿ ಹೋದವನು ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಯಾಕೆ ಹೋದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಸಿರುಗುಪ್ಪ

ನನ್ನ ಊರು ಕುರುಗೋಡು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪುಣೆ ಹತ್ತಿರ ಮಿಲಿಟರಿ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಯುದ್ಧ ಮುಗಿದ ಮೇಲೆ ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಒಂದು ತಗಡಿನ ಶೆಡ್ಡು ಹಾಕಿಕೊಂಡು ಲಾರಿ ರಿಪೇರಿಗೆ ಕೂತೆ. ಸಿರುಗುಪ್ಪದಲ್ಲಿ ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರ್ ಸರಳಮ್ಮನವರು ಮಿಲಿಟರಿಯವರು ಹರಾಜು ಹಾಕಿದ ಒಂದು ಹಳೆಯ ವ್ಯಾನನ್ನು ತಂದಾಗ ಅದನ್ನು ಬಿಚ್ಚಿ ಕೂಡಿಸಿ ಓಡುವಂತೆ ಮಾಡಿಕೊಟ್ಟವನು ನಾನು. ಅದರ ಡ್ರೈವರ್ ಖಾದರ್ ಸಾಬರು, ನನಗಿಂತ ಹತ್ತು ವರ್ಷ ದೊಡ್ಡವರು. ಯಾವಾಗ ಬಳ್ಳಾರಿಗೆ ಬಂದರೂ ನನ್ನ ಶೆಡ್ಡಿನಲ್ಲಿ ಚಹಾ ಕುಡಿಯದೆ ಹೋಗುತ್ತಿರಲಿಲ್ಲ.

ಸಿರುಗುಪ್ಪದ ಸುತ್ತಿನ ಎರೆಭೂಮಿ ಬೇಸಿಗೆಯಲ್ಲಿ ಕಲ್ಲು, ಮಳೆಗಾಲದಲ್ಲಿ ಅಂಟು. ಒಂದು ಮಳೆಗಾಲದಲ್ಲಿ ಬಾದನಹಟ್ಟಿ ಆಚೆಯ ಹಳ್ಳಿಯಿಂದ ಈರಣ್ಣ ಎಂಬ ರೈತನ ಹೆಂಡತಿಯನ್ನು ಆಸ್ಪತ್ರೆಗೆ ತರುವಾಗ ವ್ಯಾನು ಹೂತುಕೊಂಡಿತು. ಒಂದು ಹಿಂದಿನ ಗಾಲಿ ಕುಂಬಾರನ ತಿಗರಿಯಂತೆ ತಿರುಗುತ್ತಿತ್ತು. ಇನ್ನೊಂದು ಗಟ್ಟಿ ನೆಲದ ಮೇಲೆ ಅಲುಗದೆ ನಿಂತಿತ್ತು. ಎತ್ತು ಕಟ್ಟಿ ಎಳೆಸುವಷ್ಟರಲ್ಲಿ ಅರ್ಧ ದಿನ ಹೋಯಿತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ.

ಮರುದಿನ ನಾನು ಹೋಗಿ ವ್ಯಾನನ್ನು ನೋಡಿದೆ. ಆಸ್ಪತ್ರೆಯ ಮುಂದೆ ಜನ ಸೇರಿದ್ದರು, ಈರಣ್ಣನೂ ಇದ್ದ. ಗಾಡಿಯಲ್ಲಿ ಏನೂ ದೋಷವಿಲ್ಲ, ಡ್ರೈವರು ಆಕ್ಸಿಲೇಟರ್ ಒತ್ತಿ ಒತ್ತಿ ಗಾಲಿಯನ್ನು ಹೂತಿದ್ದಾರೆ ಎಂದು ಎಲ್ಲರ ಎದುರಿಗೆ ಹೇಳಿದೆ. ನನ್ನ ಕೈಯ ಕೆಲಸಕ್ಕೆ ಕೆಟ್ಟ ಹೆಸರು ಬರಬಾರದೆಂಬುದೇ ಆಗ ನನ್ನ ಮನಸ್ಸಿನಲ್ಲಿದ್ದದ್ದು. ಖಾದರ್ ಸಾಬರು ವ್ಯಾನು ಓಡಿಸುವುದನ್ನು ಬಿಡಲಿಲ್ಲ, ನನ್ನ ಶೆಡ್ಡಿಗೆ ಚಹಾಕ್ಕೆ ಬರುವುದನ್ನು ಬಿಟ್ಟರು.

ನಿಜ ಏನೆಂದರೆ, ದೋಷ ಗಾಡಿಯ ಹುಟ್ಟಿನಲ್ಲೇ ಇತ್ತು. ಎರಡು ಹಿಂದಿನ ಗಾಲಿಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಕಬ್ಬಿಣದ ಡಬ್ಬಿ ಇರುತ್ತದಲ್ಲ, ಅದರೊಳಗಿನ ಹಲ್ಲುಚಕ್ರಗಳಿಗೆ ಡಿಫರೆನ್ಷಿಯಲ್ ಎನ್ನುತ್ತಾರೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಅದಕ್ಕೆ ಅನುವು ಮಾಡಿಕೊಡುವುದು ಇದರ ಕೆಲಸ. ಗಟ್ಟಿ ರಸ್ತೆಯಲ್ಲಿ ಇದಕ್ಕಿಂತ ಸಭ್ಯವಾದ ಯಂತ್ರವಿಲ್ಲ. ಕೆಸರಿನಲ್ಲಿ ಮಾತ್ರ, ಯಾವ ಗಾಲಿ ಜಾರುತ್ತದೋ ಓಟವೆಲ್ಲ ಅದಕ್ಕೇ ಹೋಗಿ, ನೆಲ ಹಿಡಿದ ಗಾಲಿ ಸುಮ್ಮನಾಗುತ್ತದೆ. ಎರಡು ಗಾಲಿಗಳನ್ನೂ ಒಂದೇ ಅಚ್ಚಿಗೆ ಕಟ್ಟಿಹಾಕುವ ಲಾಕ್ ಒಂದಿದ್ದರೆ ವ್ಯಾನು ಆ ದಿನ ಹೊರಗೆ ಬರುತ್ತಿತ್ತು.

ಇಂಥ ಲಾಕುಗಳ ವಿಷಯ ಕೇಳಿ ನೈರೋಬಿಯಲ್ಲಿದ್ದ ನನ್ನ ಪುಣೆಯ ಗೆಳೆಯ ಗುರುದಿತ್ ಸಿಂಗನಿಗೆ ಒಡಕು ಇಂಗ್ಲಿಷಿನಲ್ಲಿ ಕಾಗದ ಬರೆದೆ. ಉತ್ತರ ಉರ್ದುವಿನಲ್ಲಿ ಬಂತು. ಆ ಲಿಪಿ ನನಗೆ ಬರುವುದಿಲ್ಲ. ಅದನ್ನು ಸಿರುಗುಪ್ಪಕ್ಕೆ ಒಯ್ದಾಗ ಡಾಕ್ಟರಮ್ಮನವರು ಓದಲು ಖಾದರ್ ಸಾಬರ ಕೈಗೇ ಕೊಟ್ಟರು. ಅವರು ಕನ್ನಡಕ ಏರಿಸಿಕೊಂಡು ಕನ್ನಡದಲ್ಲಿ ಅರ್ಥ ಹೇಳುತ್ತ ಹೋದರು. ಅಲ್ಲಿಯ ಮಣ್ಣೂ ನಮ್ಮದರಂತೆ ಕಪ್ಪು. ಲಾಕಿನಲ್ಲಿ ಎರಡು ಜಾತಿ. ಒಂದನ್ನು ಡ್ರೈವರು ಲಿವರ್ ಎಳೆದು ಹಾಕಬೇಕು, ತೆಗೆಯಬೇಕು. ಇನ್ನೊಂದು ತಾನೇ ಹಾಕಿಕೊಂಡು ತಾನೇ ಬಿಡುತ್ತದೆ. "ನೀನು ಬರೆದಂಥಾ ದಡ್ಡ ಡ್ರೈವರಿಗೆ ಎರಡನೇದೇ ಸರಿ ಅಂತ ಬರದಾರ್ರಿ," ಎಂದು ಅದೇ ದನಿಯಲ್ಲಿ ಓದಿ, ಕಾಗದವನ್ನು ಮೊದಲಿದ್ದ ಹಾಗೆಯೇ ಮಡಿಸಿ ನನಗೆ ಕೊಟ್ಟರು.

ನಾನು ತಲೆ ಎತ್ತಲಿಲ್ಲ. ತಾನೇ ಹಾಕಿಕೊಳ್ಳುವ ಲಾಕನ್ನು ತರಿಸೋಣ ಎಂದೆ. ಡಾಕ್ಟರಮ್ಮನವರು ಇಬ್ಬರನ್ನೂ ನೋಡಿ, "ಅದರಾಗ ಕುಂದರಾಕಿ ನಾನು, ಬಸುರಿ ಹೆಂಗಸರು. ಎರಡನ್ನೂ ನೀವು ಕಣ್ಣಾರೆ ನೋಡ್ರಿ, ಆಮ್ಯಾಲೆ ಹಾಕ್ರಿ," ಎಂದರು. ಹೀಗೆ ನಾನು ಹೊರಟೆ.

ಹಡಗಿನಲ್ಲಿ

ಗುಂತಕಲ್ಲಿನಲ್ಲಿ ರೈಲು ಬದಲಿಸಿ ಮುಂಬಯಿ, ಅಲ್ಲಿಂದ ಹಡಗು. ನಮ್ಮದು ಡೆಕ್ಕಿನ ಪ್ರಯಾಣ. ಮೇಲೆ ಕ್ಯಾನ್ವಾಸಿನ ನೆರಳು, ಕೆಳಗೆ ಅವರವರ ಚಾಪೆ. ಹಡಗು ಬಂದರು ಬಿಡುವ ಮೊದಲೇ ಗುಜರಾತಿ ಕುಟುಂಬಗಳು ಟ್ರಂಕುಗಳನ್ನು ಗೋಡೆಯಂತೆ ಜೋಡಿಸಿ ಮನೆಗಳನ್ನೇ ಕಟ್ಟಿಕೊಂಡಿದ್ದವು. ಯಾರ ಮನೆ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಒಂದು ಸಣ್ಣ ಜಗಳವೂ ಇಲ್ಲ. ಬಳ್ಳಾರಿಯ ಬಸ್ಸಿನಲ್ಲಿ ಒಂದು ಸೀಟಿಗೆ ಆಗುವ ಗದ್ದಲ ನೆನೆದು ನನಗೆ ಆಶ್ಚರ್ಯವಾಯಿತು.

ಎರಡನೆಯ ದಿನದಿಂದ ಸಮುದ್ರ ನನ್ನನ್ನು ಹಿಡಿದುಕೊಂಡಿತು. ಹೆಂಡತಿ ಗಂಗಮ್ಮ ಕಟ್ಟಿಕೊಟ್ಟ ಸಜ್ಜೆರೊಟ್ಟಿಯ ಗಂಟು ಬಿಚ್ಚುವುದೂ ಬೇಡವಾಯಿತು. ಎಂಜಿನ್ನಿನ ಅದುರು ನನಗೆ ತೊಟ್ಟಿಲಿದ್ದಂತೆ ಎಂದು ಜಂಬ ಕೊಚ್ಚಿದವನು ಮೂರು ದಿನ ಕಂಬಿ ಹಿಡಿದು ಕೂತೆ. ಪಕ್ಕದ ಚಾಪೆಯ ಕಚ್ಛೀ ಮುದುಕಿಯೊಬ್ಬಳು ಒಣಶುಂಠಿಯನ್ನು ಬೆಲ್ಲದಲ್ಲಿ ಉಂಡೆ ಕಟ್ಟಿ ದಿನಕ್ಕೆರಡು ಸಲ ನನ್ನ ಬಾಯಿಗೇ ಇಡುತ್ತಿದ್ದಳು. ಆಕೆಯ ಮಾತು ನನಗೆ ಪೂರ್ತಿ ತಿಳಿಯದು, ನನ್ನದು ಆಕೆಗೆ ತಿಳಿಯದು. ಅಲ್ಲಿ ನಿನಗಾಗಿ ಯಾರು ಕಾಯುತ್ತಿದ್ದಾರೆ ಎಂದು ಕೇಳಿದಳು. ಒಂದು ಲಾರಿ ಎಂದೆ. ಆಕೆ ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವೇನಾದರೂ ಬಂದಿದೆಯೇ ಎಂದು.

ಮೊಂಬಾಸಾ

ಮೊಂಬಾಸಾದ ಬಂದರಿನಲ್ಲಿ ನನ್ನ ಟ್ರಂಕು ತೆರೆಸಿದರು. ಗುರೆಳ್ಳು ಚಟ್ನಿಪುಡಿಯ ಡಬ್ಬಿ ಸಿಕ್ಕಿತು. ಕರ್ರಗಿನ ಪುಡಿಯನ್ನು ನೋಡಿ ಅಲ್ಲಿಯ ಜವಾನ ಒಂದು ಹೆಜ್ಜೆ ಹಿಂದೆ ಸರಿದು "ಬರೂತಿ?" ಎಂದ. ನನಗೆ ತಟ್ಟನೆ ತಿಳಿಯಿತು: ನಮ್ಮ ಬಾರೂದು, ತೋಪಿನ ಮದ್ದು. ಆಫ್ರಿಕದಲ್ಲಿ ನಾನು ತಿಳಿದುಕೊಂಡ ಮೊದಲ ಮಾತು ಅದು, ನನ್ನ ಮೇಲಿನ ಮೊದಲ ಸಂಶಯವೂ ಅದೇ. ಸುಂಕದ ಸಾಹೇಬ ಮೂಸಿ ನೋಡಿ ನಾಲ್ಕು ಸಲ ಸೀನಿದ. ಕೊನೆಗೆ ಗೋವೆಯ ಗುಮಾಸ್ತನೊಬ್ಬ ಬೆರಳ ತುದಿಗೆ ಹಚ್ಚಿಕೊಂಡು ನೆಕ್ಕಿ, ಕಣ್ಣು ಮುಚ್ಚಿ, ಇದು ತಿನ್ನುವ ವಸ್ತುವೇ ಎಂದು ಸಾಕ್ಷಿ ಹೇಳಿದ. ನನ್ನನ್ನು ಬಿಡುವ ಮೊದಲು ಒಂದು ಕಾಗದದಲ್ಲಿ ತನಗಷ್ಟು ಕಟ್ಟಿಸಿಕೊಂಡ.

ಆ ಊರಿನ ಮಾತು ಸ್ವಾಹಿಲಿ. ಗಾಡಿಗೆ ಗಾರಿ, ಅಂಗಡಿಗೆ ದುಕಾ, ಬಣ್ಣಕ್ಕೆ ರಂಗಿ, ಚಹಾಕ್ಕೆ ಚಾಯ್. ಕೌಲ್‌ಬಜಾರಿನ ಉರ್ದುವನ್ನು ದಿನವೂ ಕೇಳುವವನಿಗೆ ಅರ್ಧ ದಿನದಲ್ಲಿ ಹತ್ತು ಮಾತು ಬಂದವು, ಅವುಗಳಲ್ಲಿ ಆರು ಮೊದಲೇ ಗೊತ್ತಿದ್ದವು. ನಮ್ಮ ಸಾಮಾನಿನ ಜೊತೆ ನಮ್ಮ ಮಾತುಗಳೂ ಯಾವ ಕಾಲದಲ್ಲೋ ಹಡಗು ಹತ್ತಿ ಬಂದು ಇಲ್ಲಿ ನೆಲೆನಿಂತಿವೆ. ಅವು ನನಗಿಂತ ಮೊದಲೇ ಬಂದು ನನ್ನನ್ನು ಎದುರುಗೊಂಡ ಹಾಗೆ ಅನಿಸಿತು.

ನೈರೋಬಿ

ಭೂಮಧ್ಯರೇಖೆಯ ಊರೆಂದರೆ ಬಳ್ಳಾರಿಯ ಅಪ್ಪನಂಥ ಬಿಸಿಲೆಂದು ತಿಳಿದು ನಾನು ಎರಡು ಪಂಚೆ, ಮೂರು ತೆಳು ಅಂಗಿ ತಂದಿದ್ದೆ. ನೈರೋಬಿಯ ಸ್ಟೇಷನ್ನಿನಲ್ಲಿ ಇಳಿದಾಗ ಹಲ್ಲು ಕಟಕಟ ಎಂದವು. ಎತ್ತರದ ಸೀಮೆ, ಮಳೆಗಾಲ ಬೇರೆ. ಗುರುದಿತ್ ಸಿಂಗ್ ನನ್ನನ್ನು ಕಂಡು ನಕ್ಕು ತನ್ನ ಕೋಟನ್ನೇ ಬಿಚ್ಚಿ ಹೊದಿಸಿದ. ಅದು ನನ್ನ ಮೊಣಕಾಲಿನವರೆಗೂ ಬರುತ್ತಿತ್ತು. ತಿರುಗಿ ಹಡಗು ಹತ್ತುವವರೆಗೂ ನಾನು ಅದರೊಳಗೇ ವಾಸಮಾಡಿದೆ.

ಅವನ ವರ್ಕ್‌ಶಾಪನ್ನು ನೋಡಿ ನನಗೆ ನಾಚಿಕೆಯಾಯಿತು. ಗೋಡೆಯ ಹಲಗೆಯ ಮೇಲೆ ಪ್ರತಿಯೊಂದು ಪಾನೆಯ, ಎಂದರೆ ನಟ್ಟು ಬಿಗಿಯುವ ಸ್ಪ್ಯಾನರಿನ, ಆಕಾರವನ್ನೂ ಬಿಳಿ ಬಣ್ಣದಲ್ಲಿ ಬರೆದಿದ್ದರು. ಸಂಜೆ ಯಾವ ಆಕಾರ ಖಾಲಿ ಇದೆಯೋ ಆ ಪಾನೆ ಸಿಗುವವರೆಗೆ ಯಾರೂ ಮನೆಗೆ ಹೋಗುವುದಿಲ್ಲ. ನನ್ನ ಶೆಡ್ಡಿನಲ್ಲಿ ಹದಿನಾಲ್ಕರ ಪಾನೆ ಹುಡುಕುವುದರಲ್ಲಿ ನನ್ನ ಆಯುಷ್ಯದ ಎಷ್ಟು ಭಾಗ ಕಳೆದಿದೆಯೋ.

ಅಲ್ಲಿ ಎರಡು ಲಾರಿಗಳಿದ್ದವು. ಒಂದರಲ್ಲಿ ತಾನೇ ಹಾಕಿಕೊಳ್ಳುವ ಲಾಕು. ಅಮೆರಿಕದ ಸೈನ್ಯ ಬಿಟ್ಟುಹೋದ ಲಾರಿಯಿಂದ ಬಿಚ್ಚಿದ್ದು, ಒಳಗೆ ಸ್ಪ್ರಿಂಗು, ಹಲ್ಲುಬಿಲ್ಲೆಗಳು. ಇನ್ನೊಂದರಲ್ಲಿ ಗುರುದಿತ್ ತಾನೇ ಮಾಡಿ ಕೂಡಿಸಿದ ಕೈಲಾಕು. ಸೀಟಿನ ಪಕ್ಕದ ಲಿವರ್ ಎಳೆದರೆ ಹಲ್ಲಿನ ಬಳೆಯೊಂದು ಸರಿದು ಎರಡು ಗಾಲಿಯ ಅಚ್ಚುಗಳನ್ನೂ ಒಂದು ಮಾಡುತ್ತದೆ. ಅದನ್ನು ಓಡಿಸುವವನು ಮುತಿಸೊ, ಕಂಬಾ ಜನದವನು, ನಲವತ್ತು ದಾಟಿದವನು. ಯುದ್ಧದಲ್ಲಿ ಬರ್ಮಾಕ್ಕೆ ಲಾರಿ ಓಡಿಸಲು ಹೋಗಿದ್ದರಿಂದ ಸೈನ್ಯದ ಹಿಂದುಸ್ತಾನಿ ಅವನಿಗೆ ಬರುತ್ತಿತ್ತು.

ಮೊದಲ ಬೆಳಿಗ್ಗೆ ಅವನನ್ನು ಕಂಡ ಕೂಡಲೇ ನಾನು ಲಾಕಿನ ವಿಷಯ ತೆಗೆದೆ. ಅವನು ಉತ್ತರ ಕೊಡದೆ, ರಾತ್ರಿ ನಿದ್ದೆ ಚೆನ್ನಾಗಿ ಬಂತೇ ಎಂದು ಕೇಳಿದ. ಬಂತು ಎಂದೆ. ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದ. ದನಕರು, ಮಳೆ, ಬೆಳೆ ಎಲ್ಲವೂ ಮುಗಿದ ಮೇಲೆ, ಈಗ ನಿನ್ನ ಮಾತು ಹೇಳು ಎಂದು ಬಾನೆಟ್ಟಿಗೆ ಒರಗಿ ನಿಂತ. ಅಲ್ಲಿಯ ಜನ ಹಾಗೆ. ಕೆಲಸದ ಮಾತಿಗೆ ಮೊದಲು ಮನುಷ್ಯ ಇದ್ದಾನೋ ಇಲ್ಲವೋ ಎಂದು ನೋಡಿಕೊಳ್ಳುತ್ತಾರೆ. ಅವಸರದಲ್ಲಿದ್ದಾಗ ಇದು ಬೇಸರ ಹುಟ್ಟಿಸುತ್ತದೆ, ಆದರೆ ಒಂದು ವಾರ ಕಳೆದರೆ ಬೇರೆ ರೀತಿ ಮಾತು ಶುರುಮಾಡಲು ಮನಸ್ಸು ಬರುವುದಿಲ್ಲ.

ಮನಸ್ಸಿಗೆ ಹಿಡಿಸದ್ದೂ ಇತ್ತು. ಊರಿನ ದೊಡ್ಡ ಹೋಟೆಲುಗಳು ಬಿಳಿಯರಿಗೆ. ನಮ್ಮಂಥವರಿಗೆ ಬೇರೆ ಕಡೆ, ಮುತಿಸೊನಂಥವರಿಗೆ ಇನ್ನೂ ಬೇರೆ. ಸ್ವಾತಂತ್ರ್ಯ ಬಂದ ದೇಶದಿಂದ ಹೋದ ನಾನು ಅದನ್ನು ಮರೆತಂತಿದ್ದೆ. ಬೆಂಚಿನ ಮೇಲೆ ನನಗೊಂದು ಜಾಗ, ಅವನಿಗೊಂದು ಜಾಗ ಎಂದಾಗ ನೆನಪಾಯಿತು. ನಮ್ಮ ಹಳ್ಳಿಗಳ ಬಾವಿಕಟ್ಟೆಗಳೂ ಅದರ ಹಿಂದೆಯೇ ನೆನಪಾದವು.

ಬಯಲಿನಲ್ಲಿ ಮೊದಲ ದಿನ

ನೈರೋಬಿಯ ಒಂದು ಮಗ್ಗುಲಿಗೆ ಸಂಡೂರಿನಂತೆ ಕೆಂಪು ಗುಡ್ಡ, ಇನ್ನೊಂದು ಮಗ್ಗುಲಿಗೆ ಕಪ್ಪು ಬಯಲು. ಆ ಬಯಲಿಗೆ ಇಳಿದು ಮಣ್ಣನ್ನು ಕೈಗೆ ತೆಗೆದುಕೊಂಡೆ. ಬೆರಳಿಗೆ ಹತ್ತಿದ್ದು ಬಿಡಲೊಲ್ಲದು. ಒಣಗಿದಲ್ಲಿ ಬಿರುಕು, ನೆನೆದಲ್ಲಿ ಬೆಣ್ಣೆ. ಕಣ್ಣು ಕಟ್ಟಿ ತಂದು ನಿಲ್ಲಿಸಿದ್ದರೆ ಸಿರುಗುಪ್ಪ ಎನ್ನುತ್ತಿದ್ದೆ. ಕಣ್ಣು ಬಿಟ್ಟರೆ ಮಾತ್ರ ಪಟ್ಟೆಕುದುರೆಗಳು ಮೇಯುತ್ತಿದ್ದವು. ನಮ್ಮಲ್ಲಿ ಎಮ್ಮೆಗಳು ಲಾರಿಯನ್ನು ನೋಡುವಷ್ಟೇ ಉದಾಸೀನದಿಂದ ಅವು ನಮ್ಮನ್ನು ನೋಡಿದವು.

ಎರಡು ಲಾರಿಗಳೂ ಒಬ್ಬ ಗುಜರಾತಿ ವ್ಯಾಪಾರಿಯ ದೂರದ ದುಕಾಕ್ಕೆ ಮೆಕ್ಕೆಜೋಳದ ಚೀಲ ಹೊತ್ತು ಹೊರಟಿದ್ದವು. ನಾನು ಗುರುದಿತ್ ಪಕ್ಕದಲ್ಲಿ, ತಾನೇ ಹಾಕಿಕೊಳ್ಳುವ ಲಾಕಿನ ಲಾರಿಯಲ್ಲಿ ಕೂತೆ. ತಿರುವಿನಲ್ಲಿ ಕೆಳಗಿನಿಂದ ಕಟಕ್ ಕಟಕ್ ಎಂದು ಸದ್ದು, ಯಾರೋ ಬೆನ್ನ ಹಿಂದೆ ಬೆರಳು ಮುರಿದಂತೆ. ಲಾಕು ಬಿಟ್ಟು ಹಿಡಿಯುವ ಸದ್ದು ಅದು ಎಂದ ಗುರುದಿತ್. ಮೊದಲ ಕೆಸರುಗುಂಡಿ ಬಂದಾಗ ಅವನು ಮಾತು ನಿಲ್ಲಿಸಲೂ ಇಲ್ಲ. ಎಡಗಾಲಿ ಕುಸಿಯಿತು, ಬಲಗಾಲಿ ನೆಲ ಹಿಡಿದು ನೂಕಿತು, ಲಾರಿ ಎದ್ದು ಹೊರಬಂತು. ಎರಡನೆಯದು, ಮೂರನೆಯದು, ಎಲ್ಲವೂ ಹಾಗೆಯೇ. ಅವನು ಏನನ್ನೂ ಎಳೆಯಲಿಲ್ಲ, ಏನನ್ನೂ ಒತ್ತಲಿಲ್ಲ. ಈರಣ್ಣನ ಹೆಂಡತಿ ಆ ಸೀಟಿನ ಹಿಂದೆ ಇದ್ದಿದ್ದರೆ ಎಂದುಕೊಂಡೆ.

ಆ ದಿನ ಸಂಜೆ ದುಕಾದ ಜಗಲಿಯಲ್ಲಿ ಬಿಳಿ ಮುದ್ದೆಯಂಥ ಊಟ. ಮೆಕ್ಕೆಜೋಳದ ಹಿಟ್ಟಿನದು, ನಮ್ಮ ಸಂಗಟಿಯ ದಾಯಾದಿ. ಗುರೆಳ್ಳು ಪುಡಿ ಹಚ್ಚಿಕೊಟ್ಟೆ, ಮುತಿಸೊ ಎರಡು ಸಲ ಬಡಿಸಿಕೊಂಡ. ನನ್ನ ತೀರ್ಮಾನ ಆಗಿಹೋಯಿತು, ತಾನೇ ಹಾಕಿಕೊಳ್ಳುವ ಲಾಕೇ ನಮಗೆ ಬೇಕು ಎಂದು ಹೇಳಿದೆ. ಗುರುದಿತ್ ಹೌದೆಂದ. ಡ್ರೈವರು ಇಂದು ಇರುತ್ತಾನೆ, ನಾಳೆ ಬಿಟ್ಟು ಹೋಗುತ್ತಾನೆ, ಲಾಕು ಹೋಗುವುದಿಲ್ಲ ಎಂಬುದು ಅವನ ವಾದ. ಮುತಿಸೊ ತಟ್ಟೆ ತೊಳೆದು ಬಂದು, ನಾಳೆ ಮಳೆ ಬರುತ್ತದೆ, ನೋಡಿ ಹೇಳು ಎಂದಷ್ಟೇ ಅಂದ.

ಎರಡನೆಯ ದಿನ

ಮಳೆ ಬಂತು. ಹಿಂತಿರುಗುವ ದಾರಿಯಲ್ಲಿ ಮೈಲಿಗಟ್ಟಲೆ ರಸ್ತೆ ಆಮೆಯ ಬೆನ್ನಿನಂತೆ ನಡುವೆ ಉಬ್ಬಿ ಎರಡೂ ಕಡೆ ಇಳಿಜಾರಾಗಿತ್ತು. ಮೇಲೆ ತೆಳ್ಳಗೆ ನೆನೆದ ಎರೆಮಣ್ಣು, ಎಣ್ಣೆ ಸವರಿದ ಹಾಗೆ. ಗುರುದಿತ್ ಮುಂದೆ, ಮುತಿಸೊ ಹಿಂದೆ. ನಾನು ಆ ದಿನ ಮುತಿಸೊನ ಪಕ್ಕದಲ್ಲಿ ಕೂತಿದ್ದೆ.

ನಮ್ಮ ಕಣ್ಣೆದುರಿಗೇ ಮುಂದಿನ ಲಾರಿಯ ಹಿಂಭಾಗ ಮೆಲ್ಲಗೆ ಪಕ್ಕಕ್ಕೆ ಸರಿಯತೊಡಗಿತು. ಎರಡು ಗಾಲಿಗಳೂ ಒಟ್ಟಿಗೆ ತಿರುಗುತ್ತಿದ್ದವು, ಆದ್ದರಿಂದ ಎರಡೂ ಒಟ್ಟಿಗೇ ಜಾರಿದವು, ಅಡ್ಡಕ್ಕೆ ತಡೆದು ನಿಲ್ಲಿಸಲು ಒಂದೂ ಉಳಿಯಲಿಲ್ಲ. ಯಾವ ಗಡಿಬಿಡಿಯೂ ಇಲ್ಲದೆ, ಎಮ್ಮೆ ಹೊಂಡಕ್ಕೆ ಇಳಿಯುವಂತೆ, ಲಾರಿ ಪಕ್ಕದ ಚರಂಡಿಗೆ ಇಳಿದು ಒರಗಿ ಕೂತಿತು. ಗುರುದಿತ್ ಮೇಲಿನ ಬಾಗಿಲಿನಿಂದ ತಲೆ ಹೊರಗೆ ಹಾಕಿ ಪಗಡಿ ಸರಿಮಾಡಿಕೊಂಡ. ಏನೂ ಪೆಟ್ಟಾಗಿರಲಿಲ್ಲ.

ಮುತಿಸೊ ಇಳಿದ. ಬೂಟು ಬಿಚ್ಚಿ ಸೀಟಿನ ಕೆಳಗಿಟ್ಟು ಬರಿಗಾಲಿನಲ್ಲಿ ರಸ್ತೆಯ ಮೇಲೆ ನೂರು ಹೆಜ್ಜೆ ನಡೆದು, ಅಲ್ಲಲ್ಲಿ ಹಿಮ್ಮಡಿಯಿಂದ ಒತ್ತಿ ನೋಡಿ ಬಂದ. ಲಾಕು ಹಾಕಲಿಲ್ಲ. ಒಂದು ಗಾಲಿ ಜಾರಿದರೂ ಇನ್ನೊಂದು ಸುಮ್ಮನೆ ಉರುಳುತ್ತ ನೇರ ದಾರಿ ಹಿಡಿದಿರುತ್ತದೆ, ಇಲ್ಲಿ ಅದೇ ಬೇಕು ಎಂದು ವಿವರಿಸಿ, ಎತ್ತಿನಗಾಡಿಯ ನಡಿಗೆಯಲ್ಲಿ ಉಬ್ಬಿನ ಮೇಲೆಯೇ ಲಾರಿಯನ್ನು ದಾಟಿಸಿದ. ಆಚೆ ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ, ಆಗ ಲಿವರ್ ಎಳೆದು, ಹಗ್ಗ ಕಟ್ಟಿ ಗುರುದಿತ್‌ನ ಲಾರಿಯನ್ನು ಮೇಲಕ್ಕೆ ತಂದ. ನಾನು ಇಳಿದು ರಸ್ತೆಬದಿಯ ಬಯಲಿನಲ್ಲಿ ನಿಂತು ಇದನ್ನೆಲ್ಲ ನೋಡಿದೆ. ಲಾಕು ಯಾವಾಗ ಬೇಕು ಎಂದು ತಿಳಿಯುವುದರಷ್ಟೇ, ಯಾವಾಗ ಬೇಡ ಎಂದು ತಿಳಿಯುವುದೂ ಮುಖ್ಯ ಎಂಬುದು ಇಷ್ಟು ವರ್ಷ ಪಾನೆ ಹಿಡಿದವನಿಗೆ ಹೊಳೆದಿರಲಿಲ್ಲ.

ಹೊಳೆದ ಮೇಲೆ ಸುಮ್ಮನಿರಬಹುದಿತ್ತು. ನಾನೂ ಓಡಿಸುತ್ತೇನೆ ಎಂದೆ. ಮುತಿಸೊ ಜಾಗ ಬಿಟ್ಟುಕೊಟ್ಟ. ಮುಂದೆ ಒಂದು ಹಳ್ಳದ ಕೆಸರು. ಗಾಲಿ ಜಾರಿದ ಮೇಲೆ ಎಳೆಯಬೇಡ, ಇಳಿಯುವ ಮೊದಲೇ ಎಳೆ ಎಂದು ಹೇಳಿಕೊಟ್ಟ. ಎಳೆದೆ. ಲಾರಿ ಹಳ್ಳವನ್ನು ಹೊಕ್ಕು ಗುರುಗುಟ್ಟುತ್ತ ಏರಿ ಹೊರಬಂತು. ನನಗೆ ಆದ ಹಿಗ್ಗು ಹೇಳತೀರದು. ಎಷ್ಟೆಂದರೆ, ಗಟ್ಟಿ ಜಲ್ಲಿಯ ನೆಲ ಬಂದದ್ದು, ರಸ್ತೆ ತಿರುಗಿದ್ದು ಯಾವುದೂ ಗಮನಕ್ಕೆ ಬರಲಿಲ್ಲ. ಲಿವರ್ ಹಾಕಿದಲ್ಲೇ ಇತ್ತು. ಮುತಿಸೊ ಬಾಯಿ ತೆರೆಯುವಷ್ಟರಲ್ಲಿ ನಾನು ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಆಕ್ಸಿಲೇಟರ್ ಒತ್ತಿದ್ದೆ. ಕೆಳಗೆ ತೆಂಗಿನಕಾಯಿ ಒಡೆದಂಥ ಸದ್ದಾಯಿತು. ಲಾರಿ ನಿಂತಿತು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಓಡಲು ಲಾಕು ಬಿಡದೆ, ಒಂದು ಕಡೆಯ ಆಕ್ಸಲ್, ಗಾಲಿಯ ಅಚ್ಚು, ತುಂಡಾಗಿತ್ತು.

ಮುತಿಸೊ "ಪೋಲೆ" ಎಂದ. ಅಲ್ಲಿ ಯಾರಾದರೂ ಎಡವಿದರೂ, ಯಾರ ಮನೆಯಲ್ಲಾದರೂ ಸಾವಾದರೂ ಈ ಮಾತು ಹೇಳುತ್ತಾರೆ. ನಿನಗಾದದ್ದು ನನಗೂ ತಾಗಿತು ಎಂದು ಅರ್ಥ. ತಪ್ಪು ಯಾರದು ಎಂಬ ಪ್ರಶ್ನೆ ಅದರಲ್ಲಿ ಇಲ್ಲ. ಗುರುದಿತ್ ಇಳಿದು ಬಂದು ತುಂಡನ್ನು ನೋಡಿ, ಹಳೆಯ ಆಕ್ಸಲ್, ಇಂದಲ್ಲ ನಾಳೆ ಹೋಗುವುದೇ ಇತ್ತು ಎಂದ. ನಾನೂ ತುಂಡನ್ನು ಕೈಗೆ ತೆಗೆದುಕೊಂಡೆ. ಹಳೆಯ ಬಿರುಕಿದ್ದರೆ ಮುರಿದ ಬಾಯಿಯಲ್ಲಿ ಒಂದು ಕಡೆ ಕಪ್ಪು ಕಲೆ ಇರುತ್ತದೆ. ಇದರ ಬಾಯಿ ಪೂರ್ತಿ ಹೊಸ ಬೆಳ್ಳಿಯಂತೆ ಹೊಳೆಯುತ್ತಿತ್ತು. ಅದು ಹೊಚ್ಚ ಹೊಸ ಮುರಿತ, ನನ್ನ ಕೈಯಿಂದಲೇ ಆದದ್ದು. ಗುರುದಿತ್‌ಗೆ ಅದು ಗೊತ್ತು, ನನಗೆ ಗೊತ್ತೆಂಬುದೂ ಅವನಿಗೆ ಗೊತ್ತು.

ಇನ್ನೊಂದು ಆಕ್ಸಲ್ ಜೊತೆಯಲ್ಲಿತ್ತು. ಮಳೆಯಲ್ಲಿ ಮಲಗಿ ಅದನ್ನು ಕೂಡಿಸುವುದಕ್ಕೆ ಮಧ್ಯಾಹ್ನವೆಲ್ಲ ಬೇಕಾಯಿತು. ಕೆಂಪು ಬಟ್ಟೆ ಹೊದ್ದ ಇಬ್ಬರು ಮಸಾಯಿ ದನಗಾಹಿಗಳು ಒಂಟಿಗಾಲಿನಲ್ಲಿ, ಇನ್ನೊಂದು ಪಾದವನ್ನು ಮೊಣಕಾಲಿಗೆ ಒರಗಿಸಿ, ಈಟಿ ಊರಿ ನಿಂತು ಕೆಲಸ ಮುಗಿಯುವವರೆಗೂ ನೋಡಿದರು. ಸಲಹೆ ಕೊಡಲಿಲ್ಲ. ನಮ್ಮೂರಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಇಪ್ಪತ್ತು ಸಲಹೆ ಬಂದಿರುತ್ತಿದ್ದವು. ಲಾರಿಯ ಕೆಳಗೆ ಬೆನ್ನು ಕೆಸರಿಗೆ ಅಂಟಿಕೊಂಡು ಮಲಗಿದ್ದಾಗ ನನಗೆ ಸಿರುಗುಪ್ಪದ ಆಸ್ಪತ್ರೆಯ ಮುಂದಿನ ಜನ, ಖಾದರ್ ಸಾಬರ ಮುಖ ಕಂಡವು. ಇಲ್ಲಿ ನಾನು ಮಾಡಿದ ತಪ್ಪನ್ನು ಇಬ್ಬರು ಮುಚ್ಚಿಟ್ಟರು. ಅಲ್ಲಿ ಒಬ್ಬರು ಮಾಡದ ತಪ್ಪನ್ನು ನಾನು ಹತ್ತು ಜನರ ಎದುರು ಅವರ ತಲೆಗೆ ಕಟ್ಟಿದ್ದೆ. ಲಾರಿಯಿಂದ ಸೋರಿದ ಮಳೆನೀರು ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು, ಯಾರಿಗೂ ಏನೂ ಕಾಣಲಿಲ್ಲ.

ಹೊರಡುವ ದಿನ ಗುರುದಿತ್ ಎರಡನ್ನೂ ಮುಂದಿಟ್ಟ. ಎಣ್ಣೆಕಾಗದದಲ್ಲಿ ಸುತ್ತಿದ ಅಮೆರಿಕದ ಲಾಕು ಒಂದು ಕಡೆ. ಕೈಲಾಕಿನ ನಕ್ಷೆ, ಮಾದರಿಗೆ ಒಂದು ಹಲ್ಲಿನ ಬಳೆ ಇನ್ನೊಂದು ಕಡೆ. ದಿನಕ್ಕೊಬ್ಬ ಡ್ರೈವರು ಬದಲಾಗುವ ಕಡೆ ಮೊದಲನೆಯದೇ ಮೇಲು, ಅದನ್ನು ನಾನು ಇವತ್ತಿಗೂ ಹೇಳುತ್ತೇನೆ. ಆದರೆ ಅದರ ಸ್ಪ್ರಿಂಗು ಮುರಿದರೆ ಬಳ್ಳಾರಿಯಲ್ಲಿ ಮಾಡುವವರಿಲ್ಲ. ಗದ್ದೆಯ ಬದುವಿನ ಮೇಲೆ ಹೋಗುವ ನಮ್ಮ ದಾರಿಗಳು ಆಮೆಬೆನ್ನಿನವು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ವ್ಯಾನಿಗೆ ಇರುವವರು ಒಬ್ಬರೇ ಡ್ರೈವರು, ಅವರು ಎಲ್ಲಿಗೂ ಬಿಟ್ಟು ಹೋಗಿರಲಿಲ್ಲ. ನಾನು ಬಳೆಯನ್ನು ಎತ್ತಿಕೊಂಡೆ.

ಮರಳಿ ಎರೆಸೀಮೆಗೆ

ಬಳ್ಳಾರಿಯ ಲೇತಿನ ಮೇಲೆ ಬಳೆ ಸಿದ್ಧವಾಗುವುದಕ್ಕೆ ಎರಡು ತಿಂಗಳು ಹಿಡಿಯಿತು. ವ್ಯಾನಿಗೆ ಕೂಡಿಸಿ, ಕುರುಗೋಡಿನ ಹೊರಗೆ ನಮ್ಮದೇ ಬೀಳುಹೊಲಕ್ಕೆ ನೀರು ಬಿಟ್ಟು ಕೆಸರು ಮಾಡಿ, ಖಾದರ್ ಸಾಬರಿಗೆ ಲಿವರ್ ತೋರಿಸಿದೆ. ಅವರು ಅದನ್ನು ನೋಡಿ, "ಇದು ಡ್ರೈವರ್ ಕೈಯಾಗ ಇರೋದಲ್ಲೇನ್ರಿ ಮೇಸ್ತ್ರಿ?" ಎಂದರು. ಹೌದು ಎಂದೆ. ಅವರು ಮೂರು ದಿನದಲ್ಲಿ ಮುತಿಸೊನಷ್ಟೇ ಚೆನ್ನಾಗಿ ಕಲಿತರು. ನಾನು ಆಡಬೇಕಾದ ಮಾತು ಮಾತ್ರ ಪ್ರತಿದಿನ ಬಾಯಿಯ ತನಕ ಬಂದು ಹಿಂದೆ ಹೋಗುತ್ತಿತ್ತು.

ಉತ್ತರಿ ಮಳೆ ಹಿಡಿದುಕೊಂಡಿದ್ದ ಒಂದು ಬೆಳಿಗ್ಗೆ ಹೊಳೆ ಕಡೆಯ ಹಳ್ಳಿಯಿಂದ ಕರೆ ಬಂತು. ನಾನು ಅಂದು ಸಿರುಗುಪ್ಪದಲ್ಲೇ ಇದ್ದೆ, ಡಾಕ್ಟರಮ್ಮನವರ ಹಿಂದೆ ಹತ್ತಿ ಕೂತೆ. ಬದುವಿನ ದಾರಿಯಲ್ಲಿ ಖಾದರ್ ಸಾಬರು ಲಾಕು ಮುಟ್ಟಲಿಲ್ಲ. ಹಳ್ಳದ ಕೆಸರಿನ ಅಂಚಿನಲ್ಲಿ ನಿಲ್ಲಿಸಿ, ಎಳೆದು, ಇಳಿಸಿದರು. ವ್ಯಾನು ಒಮ್ಮೆ ಕುಸಿಯಿತು, ಎರಡು ಗಾಲಿಗಳೂ ಒಟ್ಟಿಗೆ ನೆಲ ಕಚ್ಚಿದವು, ನಾವು ಆಚೆ ದಡದಲ್ಲಿದ್ದೆವು. ಗಟ್ಟಿ ನೆಲ ಬಂದಾಗ ನನ್ನ ಕೈ ತಾನಾಗಿ ಮುಂದಕ್ಕೆ ಹೋಯಿತು. ಅವರು ಅದಕ್ಕೆ ಮೊದಲೇ ಲಿವರ್ ತೆಗೆದಿದ್ದರು.

ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು ಹುಟ್ಟಿತು, ತಾಯಿ ಕ್ಷೇಮ. ಹೊರಗೆ ಬೇವಿನ ಮರದ ಕೆಳಗೆ ನಾವಿಬ್ಬರೇ ಇದ್ದೆವು. ಆಗ ಹೇಳಿದೆ. ಆ ಸಲ ನಿಮ್ಮ ತಪ್ಪು ಏನೂ ಇರಲಿಲ್ಲ, ನೀವಲ್ಲ ಯಾರಿದ್ದರೂ ಆ ಗಾಡಿ ಹೂತೇ ಹೋಗುತ್ತಿತ್ತು, ನನಗೆ ಅದು ಮರುದಿನವೇ ಗೊತ್ತಿತ್ತು, ಗೊತ್ತಿದ್ದೂ ಹಾಗೆ ಅಂದೆ ಎಂದು.

ಖಾದರ್ ಸಾಬರು ಚಪ್ಪಲಿಗೆ ಅಂಟಿದ ಕೆಸರನ್ನು ಕಡ್ಡಿಯಿಂದ ಕೆರೆಯುತ್ತ, "ನನಗ ಗೊತ್ತಿತ್ತು ಬಿಡ್ರಿ ಅದು," ಎಂದರು. "ಈರಣ್ಣಗ ಗೊತ್ತಿಲ್ಲ. ಸಂತ್ಯಾಗ ಎದುರು ಬಂದ್ರ ಇವತ್ತಿಗೂ ಮುಖ ತಿರುವತಾನ. ಹೇಳೋದಿದ್ರ ಅವಗ ಹೇಳ್ರಿ."

ಮರಳುವಾಗ ಡಾಕ್ಟರಮ್ಮನವರನ್ನು ಕೇಳಿಕೊಂಡು ವ್ಯಾನನ್ನು ಬಾದನಹಟ್ಟಿ ದಾರಿಗೆ ತಿರುಗಿಸಿದೆವು. ಈರಣ್ಣ ಮನೆಯ ಮುಂದೆ ಹಗ್ಗ ಹೊಸೆಯುತ್ತ ಕೂತಿದ್ದ. ವ್ಯಾನನ್ನು ಕಂಡು ಎದ್ದು ನಿಂತ. ನಾನು ಇಳಿದು, ಡ್ರೈವರದು ತಪ್ಪು ಎಂದು ಆ ದಿನ ಹೇಳಿದ್ದು ಸುಳ್ಳು ಎಂದೆ. ಗಾಡಿಯಲ್ಲಿ ಆಗ ಯಾವುದು ಇರಲಿಲ್ಲ, ಈಗ ಯಾವುದನ್ನು ಹಾಕಿದ್ದೇವೆ, ಎಲ್ಲ ಹೇಳಿದೆ. ಈರಣ್ಣ ನನ್ನನ್ನು ಬೈಯಲಿಲ್ಲ. ಹೊಸೆಯುತ್ತಿದ್ದ ಹಗ್ಗವನ್ನು ಕೆಳಗಿಟ್ಟು, ನನ್ನನ್ನು ದಾಟಿ, ವ್ಯಾನಿನ ಬಾಗಿಲ ಹತ್ತಿರ ಹೋದ.

"ಒಳಗ ಬರ್ರಿ ಸಾಬ್ರ," ಎಂದ.

ಖಾದರ್ ಸಾಬರು ಇಳಿದು, ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಅವನ ಹಿಂದೆ ಹೋದರು. ಡಾಕ್ಟರಮ್ಮನವರೂ ಈರಣ್ಣನ ಹೆಂಡತಿಯನ್ನು ನೋಡಿ ಬರುತ್ತೇನೆಂದು ಹೋದರು. ನಾನು ವ್ಯಾನಿಗೆ ಒರಗಿ ನಿಂತೆ. ಮಳೆ ಹನಿಯುತ್ತಿತ್ತು. ಒಳಗೆ ಲೋಟಗಳ ಸದ್ದು, ಮಾತಿನ ಸದ್ದು ಕೇಳುತ್ತಿತ್ತು, ಏನು ಮಾತೆಂದು ತಿಳಿಯುತ್ತಿರಲಿಲ್ಲ. ಎಷ್ಟು ಹೊತ್ತಾಯಿತೋ. ಈರಣ್ಣ ಮತ್ತೆ ಬಾಗಿಲಿಗೆ ಬಂದು ನನ್ನನ್ನು ನೋಡಿದ.

"ಮೇಸ್ತ್ರಿ, ಮಳ್ಯಾಗ ಯಾಕ ನಿಂತೀರಿ," ಎಂದ. "ನೀವೂ ಬರ್ರಿ."